ಮೊದಲ ಹೆಜ್ಜೆಗೆ ಹೆಗಲು ಕೊಡುವ ಮುನಿಲಕ್ಷ್ಮಮ್ಮ

ಕೆ.ಆರ್. ಪುರದಿಂದ ಮೊದಲ ಬಸ್ಸು ಹಿಡಿದು ಶಿವಾಜಿನಗರದಲ್ಲಿಳಿದು, ರಸೆಲ್ ಮಾರುಕಟ್ಟೆಯ ಹೂವಿನ ಮೂಟೆಗಳನ್ನು ದಾಟಿ ಮುನಿಲಕ್ಷ್ಮಮ್ಮ ಆಸ್ಪತ್ರೆ ಸೇರುವಾಗ ಬೀದಿದೀಪಗಳಿನ್ನೂ ಉರಿಯುತ್ತಿರುತ್ತವೆ. ಸೆರಗು ಸಿಕ್ಕಿಸಿ, ಕೈ ತೊಳೆದು ನೇರ ಆಪರೇಷನ್ ಆದವರ ವಾರ್ಡಿಗೆ ಬರುತ್ತಾರೆ. ಇವರು ಅಲ್ಲಿನ ಆಯಾ. ಕಿಟಕಿ ಪಕ್ಕದ ಮಂಚದಲ್ಲಿ ಹಣ್ಣಿನ ವ್ಯಾಪಾರಿ ಇನಾಯತ್ ಉಲ್ಲಾ ಮಲಗಿದ್ದಾರೆ. ನಿನ್ನೆಯಷ್ಟೇ ಅವರ ಕರುಳಿನ ಗಡ್ಡೆ ತೆಗೆದಿದ್ದಾರೆ. ಇವತ್ತು ಅವರನ್ನು ಎಬ್ಬಿಸಿ ನಡೆಸಬೇಕು.

ಹೆಂಡತಿ ಫಹ್ಮಿದಾ ಮಂಚಕ್ಕೆ ಅಡ್ಡ ನಿಂತಿದ್ದಾರೆ. ನಿನ್ನೆ ಕೊಯ್ದ ಹೊಟ್ಟೆ, ನಡೆದರೆ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲವೇ ಎಂಬ ದಿಗಿಲು ಅವರಿಗೆ. ಮುನಿಲಕ್ಷ್ಮಮ್ಮ ವಾದಕ್ಕಿಳಿಯುವುದಿಲ್ಲ. ಆ ದಿಗಿಲನ್ನು ಅವರೂ ಉಂಡವರೇ.

ಹದಿಮೂರು ವರ್ಷದ ಹಿಂದೆ, 1992ರಲ್ಲಿ, ಅವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಹೊಟ್ಟೆಯುದ್ದಕ್ಕೂ ಗಾಯ. ನೋವಿಗೆ ಹೆದರಿ ಕೆಮ್ಮಲಿಲ್ಲ, ಮಗ್ಗುಲು ಬದಲಿಸಲಿಲ್ಲ. ಏಳು ಎಂದು ಹೇಳುವವರೂ ಇರಲಿಲ್ಲ. ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ಮೈಯಲ್ಲಿ ಮತ್ತೆ ಕಸುವು ಬರುವಷ್ಟರಲ್ಲಿ ಅವರು ಕೂಲಿಗೆ ಹೋಗುತ್ತಿದ್ದ ತರಕಾರಿ ತೋಟವೇ ಸೈಟುಗಳಾಗಿ ಹೋಗಿತ್ತು. ಹಾಗೆ ಆಸ್ಪತ್ರೆ ಕೆಲಸಕ್ಕೆ ಬಂದರು.

ಈಗ ಇಲ್ಲಿ ಸರ್ಜನ್ ಡಾ. ಶ್ವೇತ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಆಪರೇಷನ್ ಮಾಡುತ್ತಾರೆ. ಆದರೆ ಗಾಯ ಚಿಕ್ಕದಾದ ಮಾತ್ರಕ್ಕೆ ರೋಗಿ ತಾನಾಗಿ ಏಳುವುದಿಲ್ಲ. ನೋವಿಗೆ ಹೊತ್ತುಹೊತ್ತಿಗೆ ಔಷಧಿ ಬೇಕು, ಗಂಜಿ ಬೇಗ ಹೊಟ್ಟೆಗಿಳಿಯಬೇಕು, ಉಸಿರಿನ ವ್ಯಾಯಾಮ ಆಗಬೇಕು. ಅದಕ್ಕೇ ಡಾಕ್ಟರು, ನರ್ಸ್ ಹಂಸ, ಫಿಸಿಯೋಥೆರಪಿಸ್ಟ್ ಲಿಖಿತ್ ಮತ್ತು ಮುನಿಲಕ್ಷ್ಮಮ್ಮ ಬೆಳಿಗ್ಗೆ ಒಟ್ಟಿಗೇ ಮಂಚದಿಂದ ಮಂಚಕ್ಕೆ ಹೋಗುತ್ತಾರೆ. "ಮುಂಚೆ ಒಬ್ರು ಎದ್ದೇಳು ಅನ್ನೋರು, ಇನ್ನೊಬ್ರು ಮಲ್ಕೋ ಅನ್ನೋರು. ಪಾಪ, ಪೇಶೆಂಟು ಯಾರ ಮಾತು ಕೇಳ್ಬೇಕು?" ಎನ್ನುತ್ತಾರೆ ಮುನಿಲಕ್ಷ್ಮಮ್ಮ.

ಕೊನೆಗೂ ಫಹ್ಮಿದಾ ಸ್ವಲ್ಪ ಸರಿದು ನಿಂತ ಮೇಲೆ ಇನಾಯತ್ ಎದ್ದು ಕೂರುತ್ತಾರೆ. ಕೂತದ್ದೇ ತಡ, ಮುಖ ಬಿಳಿಚಿ ಬೆವರು ಒಡೆಯುತ್ತದೆ. ಫಹ್ಮಿದಾ ಅಳತೊಡಗುತ್ತಾರೆ. ಮುನಿಲಕ್ಷ್ಮಮ್ಮ ಮೆಲ್ಲಗೆ ಇನಾಯತ್‌ರನ್ನು ಮಲಗಿಸಿ ಹಂಸರನ್ನು ಕೂಗುತ್ತಾರೆ. ಬಿ.ಪಿ. ಇಳಿದಿದೆ. ಡಾಕ್ಟರು ಬಂದು ನೋಡಿ, ಡ್ರಿಪ್ ಹೆಚ್ಚಿಸಿ, ನೋವಿನ ಔಷಧಿ ಬದಲಿಸುತ್ತಾರೆ. ಬಿ.ಪಿ. ಸರಿಹೋದ ಮೇಲೆ ಮಧ್ಯಾಹ್ನ ನೋಡೋಣ ಎಂದು ತೀರ್ಮಾನವಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಸರಿಹೋಗಿದೆ. ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು ಲಿಖಿತ್ ಇನಾಯತ್‌ಗೆ ಕಲಿಸುತ್ತಾರೆ. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಫಹ್ಮಿದಾರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಅರ್ಧ ಕನ್ನಡ ಅರ್ಧ ದಖ್ನಿ ಉರ್ದುವಿನಲ್ಲಿ ತಮ್ಮದೇ ಕಥೆ ಹೇಳುತ್ತಾರೆ. ಕೊನೆಗೆ ಅಂದದ್ದು ಇಷ್ಟು: "ನಾನು ಮಲ್ಗೇ ಕೆಟ್ಟೆ ಅಕ್ಕಾ. ಭಾಯ್‌ನ ನೀವು ಆ ಕಡೆಯಿಂದ ಹಿಡ್ಕೊಳ್ಳಿ, ನಾನು ಈ ಕಡೆ ಹಿಡ್ಕೋತೀನಿ."

ಇಬ್ಬರ ನಡುವೆ ಇನಾಯತ್ ಬಾಗಿಲವರೆಗೆ ಹೋಗಿ ಬರುತ್ತಾರೆ. ಹೊಲಿಗೆ ಬಿಚ್ಚುವುದಿಲ್ಲ. ಸಂಜೆ ತಾವಾಗಿಯೇ ಗಂಜಿ ಕೇಳುತ್ತಾರೆ. ವಾರ ತುಂಬುವ ಮೊದಲೇ, ಫಹ್ಮಿದಾ ಕರೆಸಿದ್ದ ಗಾಲಿಕುರ್ಚಿ ಬೇಡವೆಂದು ನಡೆದುಕೊಂಡೇ ಆಟೋ ಹತ್ತುತ್ತಾರೆ. ಎಲ್ಲರೂ ಇಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಆದರೆ ಎದೆಯಲ್ಲಿ ಕಫ ಕಟ್ಟಿ ನರಳುವವರು ಈ ವಾರ್ಡಿನಲ್ಲಿ ಈಗ ಕಡಿಮೆ ಎನ್ನುತ್ತಾರೆ ಹಂಸ.

ಆಸ್ಪತ್ರೆಯವರನ್ನು ಏನಾದರೂ ಕೇಳಬೇಕೆಂದರೆ ಏನು ಕೇಳುತ್ತೀರಿ ಎಂದರೆ ಮುನಿಲಕ್ಷ್ಮಮ್ಮ ಕಾರಿಡಾರಿನತ್ತ ಕೈ ತೋರಿಸುತ್ತಾರೆ.

"ಈ ಗೋಡೆ ಉದ್ದಕ್ಕೂ ಒಂದು ಕಂಬಿ ಹಾಕ್ಸಿದ್ರೆ ಸಾಕು. ಅದನ್ನ ಹಿಡ್ಕೊಂಡು ಅವ್ರಷ್ಟಕ್ಕೆ ಅವ್ರೇ ನಡೀತಾರೆ. ನನ್ನ ಹೆಗಲು ಯಾರಿಗೂ ಬೇಕಾಗಲ್ಲ."