ಮಾತ್ರೆ ಸೀಟಿಯ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಯಾವ ಕಾಲದಲ್ಲೋ ವಾಲಿಬಾಲ್ ಆಡುವಾಗ ಯಾರದೋ ಮೊಣಕೈಗೆ ಬಲಿಯಾದವಂತೆ. ಆ ಸಂದಿನಲ್ಲಿ ಸೀಟಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಸೀಟಿಯನ್ನು ಬಾಯಲ್ಲಿ ಇಟ್ಟುಕೊಂಡೇ ಬೈಯುತ್ತಿದ್ದರು, ನಗುತ್ತಿದ್ದರು. ಕಾಫಿ ಕುಡಿಯುವಾಗ ಮಾತ್ರ ತೆಗೆಯುತ್ತಿದ್ದರು. ಬೈಗುಳದ ನಡುವೆ ಉಸಿರು ಜೋರಾಗಿ ‘ಪೀ’ ಎಂದರೆ ನಾವು ಕಿಸಕ್ಕನೆ ನಕ್ಕು ಇನ್ನೊಂದು ಸುತ್ತು ಬೈಸಿಕೊಳ್ಳುತ್ತಿದ್ದೆವು.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹೈಸ್ಕೂಲು. ಅಲ್ಲಿ ಮಕ್ಕಳ ಮದ್ದಿನ ಉಸ್ತುವಾರಿಯೆಲ್ಲ ಅವರದೇ. ಯಾರೂ ವಹಿಸಿದ್ದಲ್ಲ, ಅವರೇ ಮೈಮೇಲೆ ಎಳೆದುಕೊಂಡದ್ದು. ನಾನು ಸೇರುವ ಮೊದಲು ಒಬ್ಬಳು ತಲೆನೋವಿನ ಮಾತ್ರೆಗಳನ್ನು ಪೆಪ್ಪರ್‌ಮಿಂಟಿನಂತೆ ಗೆಳತಿಯರಿಗೆಲ್ಲ ಹಂಚಿದ್ದಳಂತೆ. ಅಂದಿನಿಂದ ಕಾನೂನು ಬಂತು. ಮದ್ದು ಚೀಲದಲ್ಲಿ ಇರಕೂಡದು, ಆಟದ ಸಾಮಾನಿನ ಕೋಣೆಯ ಮೇಲಿನ ಹಲಗೆಯಲ್ಲಿ ಇರಬೇಕು. ಅಪ್ಪನೋ ಅಮ್ಮನೋ ಖುದ್ದು ಬಂದು ಅದು ಯಾತಕ್ಕೆಂದು ಹೇಳಬೇಕು. ಒಬ್ಬರದನ್ನು ಇನ್ನೊಬ್ಬರು ಮುಟ್ಟಿದರೆ ಕಿವಿ ಅವರ ಕೈಗೆ.

ಊಟದ ಹೊತ್ತಿಗೆ ಅವರು ಒಂದು ಉದ್ದ, ಎರಡು ಗಿಡ್ಡ ಸೀಟಿ ಊದುತ್ತಿದ್ದರು. ಮಾತ್ರೆಯವರು ಎಲ್ಲಿದ್ದರೂ ಓಡಿ ಬಂದು ಸಾಲು ನಿಲ್ಲಬೇಕು. ಸಾಲಿನ ಮೊದಲಿಗರು ಅವರೇ. ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಬಾಯಿ ತೆರೆದು ನಮಗೆ ತೋರಿಸುವರು. ಆಮೇಲೆ ನಮ್ಮ ಸರದಿ.

“ಬಾಯಿ ಬಿಡು! ನಾಲಿಗೆ ಎತ್ತು! ಓಡು!”

ಮೇಷ್ಟ್ರೇ ನಿಲ್ಲುವ ಸಾಲಿನಲ್ಲಿ ನಿಲ್ಲಲು ಯಾರಿಗೆ ನಾಚಿಕೆ? ಉಬ್ಬಸದ ಹುಡುಗ ಅಲ್ಲಿ ಎದೆ ಸೆಟೆಸಿ ನಿಲ್ಲುತ್ತಿದ್ದ. ಗುಂಡುಕಲ್ಲಿನಂತಿದ್ದವರೂ ಬಂದು “ಸಾರ್, ನಂಗೂ ಎಂತಾದ್ರೂ ಕೊಡಿ” ಎಂದು ಗೋಗರೆಯುವರು. “ನಿಂಗೆ ಗ್ರೌಂಡಿಗೆ ಎರಡು ಸುತ್ತು, ಊಟಕ್ಕೆ ಮುಂಚೆ” ಎಂದು ಮೇಷ್ಟ್ರು ಅವರಿಗೂ ಮದ್ದು ಬರೆದುಕೊಡುತ್ತಿದ್ದರು.

ನನಗಿದ್ದದ್ದು ಮೂರ್ಛೆ ರೋಗ. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಸಂಬಳದ ಲೆಕ್ಕ ನೋಡುವ, ಬಾಯಿ ಬಿಗಿ ಹಿಡಿದ ಮನುಷ್ಯ. ಮಾತ್ರೆ ಕೊಡಲು ಬಂದಾಗ “ರಕ್ತ ಕಡಿಮೆ ಅಂತ ಬರ್ದಿದಾರೆ ಸಾರ್. ಹೊತ್ತು ಮಾತ್ರ ತಪ್ಪಬಾರ್ದು” ಎಂದರು. ಮತ್ತೆ ಅದನ್ನೇ ಹೇಳಿದರು. ಹೊರಟವರು ಬಾಗಿಲಿನಿಂದ ತಿರುಗಿ ಇನ್ನೊಮ್ಮೆ ಹೇಳಿದರು.

“ಕೂತ್ಕಳಿ ರೈಟ್ರೇ” ಎಂದರು ಮೇಷ್ಟ್ರು. “ರಕ್ತದ ಮಾತ್ರೆಗೆ ಇಷ್ಟು ಹೆದರೋ ಅಪ್ಪನ್ನ ನಾ ನೋಡಿಲ್ಲ. ಎಂತ ಅಂತ ಸರಿಯಾಗಿ ಹೇಳಿ.”

ಅಪ್ಪನಿಗೆ ಹೇಳದೆ ವಿಧಿ ಇರಲಿಲ್ಲ. “ಹೆಣ್ಣು ಮಗು ಸಾರ್. ನಾಲ್ಕು ಜನಕ್ಕೆ ಗೊತ್ತಾದ್ರೆ ಅವಳ ಬಾಳು ಹಾಳು. ಆಟಕ್ಕೂ ಸೇರಿಸ್ಬೇಡಿ.”

“ಗುಟ್ಟು ನನ್ ಹತ್ರ ಇರ್ತದೆ. ಆದ್ರೆ ಆಟದ ವಿಷಯ ನಾನೂ ನೀವೂ ತೀರ್ಮಾನ ಮಾಡೋದಲ್ಲ, ಡಾಕ್ಟ್ರು ಹೇಳ್ಲಿ.”

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮೇಷ್ಟ್ರೂ ನಮ್ಮ ಜೊತೆ ಬಸ್ಸು ಹತ್ತಿದರು. ನೀರಿಗಿಳಿಯಬಾರದು, ಮರ ಹತ್ತಬಾರದು, ಮಾತ್ರೆ ತಪ್ಪಿಸದೆ ನೆಲದ ಮೇಲೆ ಎಷ್ಟು ಬೇಕಾದರೂ ಓಡಲಿ ಎಂದರು ಡಾಕ್ಟರು. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಮೇಷ್ಟ್ರು ಕೇಳಿ ತಿಳಿದುಕೊಂಡರು. ದಾರಿಯಲ್ಲಿ ಬಸ್ಸಿನ ಸೀಟಿನಲ್ಲೇ ಅದನ್ನು ಅಪ್ಪನಿಗೆ ಪಾಠ ಒಪ್ಪಿಸುವ ಹಾಗೆ ಮತ್ತೆ ಮತ್ತೆ ಹೇಳಿಸಿದರು. ಆ ವಾರವೇ ನಾನು ಖೋ-ಖೋ ತಂಡಕ್ಕೆ ಸೇರಿದೆ. ಓಟದಲ್ಲಿ ನನ್ನನ್ನು ಮುಟ್ಟುವವರಿರಲಿಲ್ಲ. ಇದು ಜಂಬವಲ್ಲ, ಸತ್ಯ.

ಆ ವರ್ಷ ಕಳಸದಲ್ಲಿ ಪಂದ್ಯ. ಬೆಳಿಗ್ಗೆ ನಡೆಯಬೇಕಾದದ್ದು; ಅತಿಥಿಗಳ ಭಾಷಣ ಎಳೆದೂ ಎಳೆದೂ ನಮ್ಮ ಆಟ ಶುರುವಾದದ್ದು ಮಧ್ಯಾಹ್ನಕ್ಕೆ. ಎಸ್ಟೇಟಿನ ಜೀಪಿನಲ್ಲಿ ಕಳಸಕ್ಕೆ ಮೆಣಸಿನ ಮೂಟೆ ತಂದಿದ್ದ ಅಪ್ಪನೂ ಬೇಲಿಯ ಪಕ್ಕ ಬಂದು ನಿಂತಿದ್ದರು. ನಾವು ಗೆಲ್ಲುವ ಹಂತದಲ್ಲಿದ್ದೆವು. ನಾನೊಬ್ಬಳು ಔಟಾಗದೆ ಉಳಿದು ಓಡುತ್ತಿದ್ದೆ. ಇನ್ನು ಸ್ವಲ್ಪ ಹೊತ್ತು ತಪ್ಪಿಸಿಕೊಂಡಿದ್ದರೆ ಕಪ್ಪು ನಮ್ಮದೇ.

ಆಗ ಮೇಷ್ಟ್ರು ಗಡಿಯಾರ ನೋಡಿಕೊಂಡರು. ಅಷ್ಟೇ. ಒಂದು ಉದ್ದ, ಎರಡು ಗಿಡ್ಡ.

ಕಾಲು ತಾನಾಗಿ ನಿಂತಿತು. ಅಂಕಣದ ನಡುವೆ ನಾನು ಬಲಗೈ ಚಾಚಿ ನಿಂತೆ. ಎದುರಾಳಿ ಹುಡುಗಿ ನಿಧಾನವಾಗಿ ನಡೆದುಬಂದು ಬೆನ್ನು ಮುಟ್ಟಿದಳು. ಪ್ರೇಕ್ಷಕರ ನಡುವಿನಿಂದ ಉಬ್ಬಸದ ಹುಡುಗನೂ ಎದ್ದು ಬಂದು ನನ್ನ ಹಿಂದೆ ನಿಂತ.

ಜನ ಬಿದ್ದು ಬಿದ್ದು ನಕ್ಕರು. ಅಂಪೈರ್ ಕೆಂಡಾಮಂಡಲವಾದರು. “ಏನ್ರೀ, ಅಂಪೈರ್ ನಾನೋ ನೀವೋ?”

“ತಪ್ಪಾಯ್ತು ಸಾರ್. ನನ್ನ ಶುಗರ್ ಮಾತ್ರೆ ಹೊತ್ತು. ಅಭ್ಯಾಸ ಬಲ, ಊದಿಬಿಟ್ಟೆ.”

“ನಿಮ್ಮ ಮಾತ್ರೆಗೆ ಆ ಹುಡುಗಿ ಯಾಕ್ರೀ ಕೈ ಚಾಚಿದಾಳೆ?”

ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು. ಅಪ್ಪನಿಗೆ ಕೊಟ್ಟ ಮಾತು ನೆನಪಾಗಿ ಮತ್ತೆ ಬಾಯಿಗೇ ಇಟ್ಟುಕೊಂಡರು. ಹಿಂದಿನಿಂದ ಯಾರೋ “ಮೇಷ್ಟ್ರು ಆಟ ಮಾರ್ಕೊಂಡಿದಾರೆ ಕಣ್ರೋ!” ಎಂದು ಕೂಗಿದರು. ಅವರು ತಲೆ ತಗ್ಗಿಸಿಕೊಂಡು ಅದನ್ನೂ ನುಂಗಿದರು. ನನಗೆ ಅಳು ಬಂತು.

ಅಪ್ಪ ಬೇಲಿ ನುಸುಳಿಕೊಂಡು ಬರುವುದು ಕಂಡಿತು. ಪಂಚೆ ಮುಳ್ಳಿಗೆ ಸಿಕ್ಕಿ ಪರ್ರೆಂದಿತು. ಆದರೂ ನಿಲ್ಲದೆ ನೇರ ಅಂಪೈರರ ಎದುರಿಗೇ ಬಂದರು.

“ಮಾತ್ರೆ ಅವರದಲ್ಲ ಸಾರ್, ನನ್ನ ಮಗಳದ್ದು. ಮೂರ್ಛೆ ರೋಗ ಅವಳಿಗೆ. ಯಾರಿಗೂ ಹೇಳ್ಬೇಡಿ ಅಂತ ನಾನೇ ಇವರ ಬಾಯಿ ಕಟ್ಟಿದ್ದೆ.”

ಮೈದಾನವಿಡೀ ಕೇಳುವಷ್ಟು ಜೋರಾಗಿ ಹೇಳಿದರು. ಅಪ್ಪನಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಗು ನಿಂತಿತು. ಅಂಪೈರ್ ಗಂಟಲು ಸರಿಮಾಡಿಕೊಂಡು, “ಮೊದ್ಲು ಮಗುಗೆ ನೀರು ಕೊಡಿ” ಎಂದರು. ಆಮೇಲೆ, “ಔಟು ಔಟೇ” ಎಂದರು. ನಾವು ಸೋತೆವು.

ವಾಪಸು ಬರುವಾಗ ಜೀಪಿನಲ್ಲಿ ಮೇಷ್ಟ್ರು ಮೆಲ್ಲಗೆ, “ನನ್ನಿಂದ ಗುಟ್ಟು ರಟ್ಟಾಯ್ತಲ್ಲ ರೈಟ್ರೇ” ಎಂದರು.

“ಹೋಗ್ಲಿ ಬಿಡಿ ಮೇಷ್ಟ್ರೇ. ಅದನ್ನ ಹೊತ್ತು ಹೊತ್ತು ಸಾಕಾಗಿತ್ತು.”

ಅಲ್ಲಿಂದ ಮುಂದೆ ಅಪ್ಪನ ಬಾಯಿಗೆ ಬೀಗ ಹಾಕುವವರೇ ಇಲ್ಲವಾದರು. ಎಸ್ಟೇಟಿನ ಮೇಸ್ತ್ರಿಗೆ, ಕಂಡಕ್ಟರನಿಗೆ, ದಿನಸಿ ಅಂಗಡಿಯವರಿಗೆ, ಕೇಳಿದವರಿಗೆ ಕೇಳದವರಿಗೆಲ್ಲ ನನ್ನ ಕಾಯಿಲೆಯ ಪಾಠ. “ಮಗ್ಗುಲಿಗೆ ಮಲಗಿಸ್ಬೇಕು. ಕೈಗೆ ಕಬ್ಬಿಣ ಕೊಡ್ಬಾರ್ದು. ಬಾಯಿಗೆ ಎಂತದೂ ತುರುಕ್ಬಾರ್ದು. ಬೇಗ ನಿಲ್ದೇ ಇದ್ರೆ ಆಸ್ಪತ್ರೆಗೆ.” ಮೇಷ್ಟ್ರು ಬಸ್ಸಿನಲ್ಲಿ ಹೇಳಿಸಿದ್ದರಲ್ಲಿ ಒಂದಕ್ಷರ ತಪ್ಪುತ್ತಿರಲಿಲ್ಲ. ಕಾಲೇಜಿಗೆಂದು ಚಿಕ್ಕಮಗಳೂರಿನ ಹಾಸ್ಟೆಲಿಗೆ ಬಿಡಲು ಬಂದಾಗ ವಾರ್ಡನ್‌ಗೆ ಹೇಳಿ, ಕೋಣೆಯ ಹುಡುಗಿಯರಿಗೆ ಹೇಳಿ, ಅಡುಗೆಮನೆಗೂ ನುಗ್ಗಿದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಆ ಮಳೆಗಾಲದಲ್ಲೇ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ಅಪ್ಪ ಫೋನಿನಲ್ಲಿ ಸುದ್ದಿ ಹೇಳಲಾರದೆ ಅತ್ತರು. ನಾನೂ ಅತ್ತೆ. ಮೇಷ್ಟ್ರಿಗೆ ಒಂದು ಥ್ಯಾಂಕ್ಸ್ ಕೂಡ ನಾನು ಹೇಳಿರಲಿಲ್ಲ. ಎಲ್ಲಿಗೆ ಹೋಗುತ್ತಾರೆ, ಹೇಳಿದರಾಯಿತು ಎಂದುಕೊಂಡಿದ್ದೆ.

ಮರುವರ್ಷ ಒಂದು ಬೆಳಿಗ್ಗೆ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಂತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಮಗ್ಗುಲಾಗಿ ಮಲಗಿದ್ದೆ. ತಲೆಯಡಿಯಲ್ಲಿ ಯಾರದೋ ದುಪಟ್ಟ ಮಡಿಸಿ ಇಟ್ಟಿದ್ದರು. ಅಂಗೈಗೆ ಯಾರೂ ಕಬ್ಬಿಣದ ಬೀಗದ ಕೈ ತುರುಕಿರಲಿಲ್ಲ. ಗಾಬರಿಯಿಂದ ಸುತ್ತ ನೋಡಿದೆ. ಒಬ್ಬರೂ ದೂರ ಸರಿದು ನಿಂತಿರಲಿಲ್ಲ. ಅಡುಗೆಯಮ್ಮ ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರುತ್ತಿದ್ದರು.

“ಹೆದರ್ಬೇಡ ಮಾರಾಯ್ತಿ” ಎಂದರು. “ನಮಗೆಲ್ಲ ಗೊತ್ತುಂಟಲ್ಲ.”