ಅರ್ಧ ರೂಮಿನಿಂದ ಏಳು ಕೋಣೆಗೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡ ಸಿಸ್ಟರ್ ಅಂತ. ಹೆಡ್ ನರ್ಸ್ ಆದ ಮೇಲೆ ಬಂದ ಹೆಸರಲ್ಲ ಅದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯ ಡಾಕ್ಟರೊಬ್ಬರಿಗೆ "ಸರ್, ಕೈ ತೊಳ್ಕೊಂಡು ಬನ್ನಿ" ಅಂದಿದ್ದಕ್ಕೆ ಅಂಟಿಕೊಂಡದ್ದು. ಮೂವತ್ತೊಂದು ವರ್ಷ ಅವಳು ನರ್ಸುಗಳ ಹಾಸ್ಟೆಲಿನಲ್ಲೇ ಇದ್ದಳು. ಒಂದು ರೂಮು, ಎರಡು ಮಂಚ. ಆ ಕಡೆಯ ಅರ್ಧ, ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವ ಗೆಳತಿಯದು; ಈ ಕಡೆಯ ಅರ್ಧ ಇವಳದು. ಒಬ್ಬಳು ಬೀರು ತೆಗೆಯಬೇಕಾದರೆ ಇನ್ನೊಬ್ಬಳು ಮಂಚದ ಮೇಲೆ ಕಾಲು ಮಡಚಿ ಕೂರಬೇಕು.

ನಿವೃತ್ತಿಗೆ ಆರು ತಿಂಗಳಿದ್ದಾಗ ಅಣ್ಣ ಬಂದ. ತನ್ನ ಮನೆಯ ತಾರಸಿ ಮೇಲಿನ ರೂಮಿಗೆ ಬಣ್ಣ ಹೊಡೆಸಿದ್ದಾನಂತೆ. "ಬಂದುಬಿಡು. ನಿಮ್ಮ ಅತ್ತಿಗೆಗೂ ಮಂಡಿ ನೋವು, ಒಬ್ಬರು ಜೊತೆಗಿದ್ದ ಹಾಗಾಗುತ್ತೆ."

ಮಾತಿನೊಳಗಿನ ಮಾತು ಸಿಸ್ಟರಿಗೆ ತಿಳಿಯದೇ ಇರಲಿಲ್ಲ. "ನೋಡೋಣ" ಅಂದಳು. ಅವಳ ಬಾಯಲ್ಲಿ 'ನೋಡೋಣ' ಅಂದರೆ 'ಇಲ್ಲ' ಅಂತ ಇಡೀ ಆಸ್ಪತ್ರೆಗೆ ಗೊತ್ತಿತ್ತು, ಅಣ್ಣನಿಗೊಬ್ಬನಿಗೆ ಗೊತ್ತಿರಲಿಲ್ಲ.

ಅದೇ ವಾರ, ಬಸ್ ಸ್ಟಾಪಿನ ದಾರಿಯಲ್ಲಿದ್ದ ಹಳೆಯ ಮನೆಯೊಂದರ ಮೇಲೆ 'ಮಾರಾಟಕ್ಕಿದೆ' ಬೋರ್ಡು ಬಂತು. ಕೆಳಗೆ ಎರಡು, ನಡುವೆ ಮೂರು, ಮೇಲೆ ಎರಡು, ಒಟ್ಟು ಏಳು ಕೋಣೆ, ಒಂದೊಂದೂ ವಾರ್ಡಿನಷ್ಟು ಅಗಲ. ಮನೆ ನಿಂತ ಜಾಗ ಮಾತ್ರ ಆ ಗೋಡೆಗಳಿಗಷ್ಟೇ ಸಾಲುವಂಥದು. ಮುಂಬಾಗಿಲ ಮೆಟ್ಟಿಲು ನೇರ ರಸ್ತೆಗೇ ಇಳಿಯುತ್ತದೆ. ಹಿಂದೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ.

ಸಿಸ್ಟರ್ ಅದನ್ನು ಕೊಳ್ಳುತ್ತಾಳಂತೆ ಅನ್ನುವ ಸುದ್ದಿ ಕೇಳಿ ಅಣ್ಣ ಓಡಿ ಬಂದ. ಒಳಗೆ ಕಾಲಿಡುವ ಮೊದಲೇ ಶುರುಮಾಡಿದ. "ಹಿತ್ತಲಿಲ್ಲ, ಅಂಗಳವಿಲ್ಲ, ಒಂದು ಕಾರು ನಿಲ್ಸೋಕೆ ಜಾಗ ಇಲ್ಲ!"

"ನನ್ನ ಹತ್ರ ಕಾರೂ ಇಲ್ವಲ್ಲ."

"ಬೆಲೆ ಇರೋದು ಜಾಗಕ್ಕೆ ಕಣೇ, ಗೋಡೆಗಲ್ಲ."

"ನಾನು ಮಾರೋಕೆ ಅಂತ ತಗೊಳ್ತಿಲ್ಲ, ಇರೋಕೆ. ಗೋಡೆಗಳ ಮಧ್ಯೆ ತಾನೇ ಇರೋದು?"

"ಒಂಟಿ ಜೀವಕ್ಕೆ ಏಳು ಕೋಣೆ ಯಾಕೆ?"

ಸಿಸ್ಟರ್ ಗಕ್ಕನೆ ನಿಂತಳು. "ಮೂವತ್ತೊಂದು ವರ್ಷ ಅರ್ಧ ರೂಮಲ್ಲಿದ್ದೆ. ಇವಳಿಗೆ ಅಷ್ಟು ಸಾಕಾ ಅಂತ ಒಬ್ಬರಾದ್ರೂ ಕೇಳಿದ್ರಾ ಅಣ್ಣ?"

ಅಣ್ಣ ಬಂದ ದಾರಿ ಹಿಡಿದ.

ಹಾಗಂತ ಅವಳು ಕಣ್ಣು ಮುಚ್ಚಿಕೊಂಡು ಒಪ್ಪಿದವಳಲ್ಲ. ಬೆಳಿಗ್ಗೆ ಬಂದು ನೋಡಿದಳು, ನಡುಮಧ್ಯಾಹ್ನ ಬಂದು ನೋಡಿದಳು, ಮಳೆ ಧೋ ಅಂತ ಸುರಿದ ದಿನ ಕೊಡೆ ಹಿಡಿದು ಬಂದು ಒಂದೊಂದು ಗೋಡೆಗೂ ಅಂಗೈ ಒತ್ತಿ ನೋಡಿದಳು. ಮೇಲಿನ ಹಿಂಬದಿ ಕೋಣೆಯ ಮೂಲೆಯಲ್ಲಿ ಕೈ ಒದ್ದೆಯಾಯಿತು. ಮಾರನೆಯ ದಿನ ಗಾರೆ ಮೇಸ್ತ್ರಿಯೊಬ್ಬನನ್ನು ಕರೆತಂದಳು. ಹಿಂದೊಮ್ಮೆ ಕಾಲು ಮುರಿದುಕೊಂಡು ಅವಳ ವಾರ್ಡಿನಲ್ಲಿ ಎರಡು ತಿಂಗಳು ಮಲಗಿದ್ದವನು. ಅವಳ ಮುಂದೆ ಸುಳ್ಳು ನಡೆಯುವುದಿಲ್ಲ ಅಂತ ಬಲ್ಲವನು. ಅವನು ಗೋಡೆಗಳನ್ನು ಬಡಿದು ಕಿವಿಗೊಟ್ಟ, ಏಣಿ ಹತ್ತಿ ತೊಲೆಗಳಿಗೆ ಚಾಕು ಚುಚ್ಚಿ ನೋಡಿದ.

"ಗೋಡೆ ಒಂದೂವರೆ ಅಡಿ ದಪ್ಪ ಸಿಸ್ಟರ್, ಅಲ್ಲಾಡಲ್ಲ. ಆದ್ರೆ ಮೇಲೆ ಒಂದು ತೊಲೆಗೆ ಗೆದ್ದಲು ಹಿಡಿದಿದೆ, ಬದಲಾಯಿಸಲೇಬೇಕು. ಇನ್ನೊಂದು ಮಾತು. ಪಕ್ಕದ ಗೋಡೌನ್ ಕೆಡವಿ ಎತ್ತರಕ್ಕೆ ಕಟ್ತಾರಂತೆ. ಆಗ ನಡುವಿನ ಅಂತಸ್ತಿನ ಒಂದು ಕೋಣೆ ಹಗಲಲ್ಲೂ ಕತ್ತಲೆ."

ಕೊನೆಗೆ ಉಳಿದದ್ದು ಮೆಟ್ಟಿಲು. ಮೂವತ್ನಾಲ್ಕು, ಅದೂ ಕಡಿದಾದವು. ತುಂಬಿದ ಎರಡು ಚೀಲ ಹಿಡಿದು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಎರಡನೇ ಸಲ ಮೇಲೆ ಮುಟ್ಟಿದಾಗ ಏದುಸಿರು, ಮಂಡಿಯಲ್ಲಿ ಚಳುಕು. ಅಣ್ಣನ ಮಾತೇ ಸರಿಯೇನೋ ಅಂತ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಆಮೇಲೆ ಹೊಳೆಯಿತು: ತಾರಸಿ ರೂಮಿಗೂ ಮೆಟ್ಟಿಲೇ ಇರುವುದು, ಅಲ್ಲಿ ಇಳಿದು ಹತ್ತುವುದು ಅತ್ತಿಗೆ ಕೂಗಿದಾಗಲೆಲ್ಲ!

"ನಾನು ಕೆಳಗೆ ಇರ್ತೀನಿ. ನೀನು ರಿಟೈರಾದ್ಮೇಲೆ ನಡುವಿನ ಅಂತಸ್ತಿಗೆ ಬಾ" ಅಂದಳು ಗೆಳತಿಗೆ. ಗೆಳತಿ ನಂಬದವಳ ಹಾಗೆ, "ಒಂದು ಇಡೀ ಕೋಣೆನಾ, ನನಗೆ?" ಅಂತ ಎರಡು ಸಲ ಕೇಳಿದಳು.

ಮನೆಯ ಕ್ರಯಪತ್ರಕ್ಕೆ ಸಹಿ ಹಾಕುವ ದಿನ ಅಣ್ಣ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ, "ಹಾಕಿದ್ರೆ ನನ್ನ ಮನೆ ಹೊಸ್ತಿಲು ತುಳೀಬೇಡ."

"ನಿನ್ನ ಹೊಸ್ತಿಲು ನಿನಗಿರಲಿ" ಅಂದಳು, ಸಹಿ ಹಾಕಿದಳು. ಬಸ್ಸಿನಲ್ಲಿ ಕೂತ ಮೇಲೆ ಇಳಿಯಬೇಕಾದ ಸ್ಟಾಪು ದಾಟಿಹೋದದ್ದೇ ತಿಳಿಯಲಿಲ್ಲ. ಆದರೆ ಅದನ್ನು ನೋಡಲು ಅಲ್ಲಿ ಅಣ್ಣನಿರಲಿಲ್ಲ.

ತೊಲೆ ಬದಲಾಯಿತು, ಒದ್ದೆ ಮೂಲೆ ಒಣಗಿತು. ಮರುವರ್ಷ ಗೆಳತಿ ಬಂದಳು. ಮೇಸ್ತ್ರಿ ಹೇಳಿದ ಹಾಗೆಯೇ ಪಕ್ಕದಲ್ಲಿ ಐದು ಅಂತಸ್ತು ಎದ್ದು, ಗೆಳತಿಯ ಕೋಣೆಯ ಪಕ್ಕದ ಕೋಣೆಯಲ್ಲಿ ಹಗಲಿಗೂ ದೀಪ ಬೇಕಾಯಿತು. ಅಣ್ಣ ಫೋನಿನಲ್ಲೇ "ನಾನು ಬೇಡ ಅಂದಿರಲಿಲ್ವಾ" ಅಂದ. ಸಿಸ್ಟರ್ ನೇರ ಹಾಸ್ಟೆಲಿಗೆ ಹೋದಳು. ರಾತ್ರಿ ಡ್ಯೂಟಿ ಮುಗಿಸಿ ಬಂದ ಹುಡುಗಿಯರಿಗೆ ಹಗಲಲ್ಲಿ ಬೆಳಕು, ಗದ್ದಲದ ನಡುವೆ ಕಣ್ಣು ಮುಚ್ಚುವುದಕ್ಕಾಗದು, ಅದು ಅವಳು ಅನುಭವಿಸಿದ ಪಾಡೇ. ದಪ್ಪ ಗೋಡೆಯ ಆ ಕತ್ತಲೆ ಕೋಣೆಗೆ ಎರಡು ಮಂಚ ಹಾಕಿಸಿದಳು. ತಿಂಗಳೊಳಗೆ, ಯಾರು ಯಾವ ದಿನ ಮಲಗಬೇಕು ಅಂತ ಸರದಿ ಹಚ್ಚಬೇಕಾಯಿತು.

ಅಣ್ಣ ಬರಲಿಲ್ಲ. ಅತ್ತಿಗೆ ಬಂದಳು, ಗೋಡೆ ಹಿಡಿದುಕೊಂಡೇ ಮೇಲಿನ ತನಕ ಹತ್ತಿ ಏಳೂ ಕೋಣೆ ನೋಡಿ, "ಮೊದಲೇ ಹೇಳಿದ್ರೆ ನಾನೇ ಬಂದುಬಿಡ್ತಿದ್ನಲ್ಲೇ" ಅಂತ ಬಾಯಿತುಂಬ ನಕ್ಕಳು.

ಮೊನ್ನೆ ಪಕ್ಕದ ಕಟ್ಟಡದ ಬಿಲ್ಡರ್ ಕಡೆಯವನೊಬ್ಬ ಬಂದು ಬಾಗಿಲು ದಬದಬ ಬಡಿದ. ಅವರಿಗೆ ಪಾರ್ಕಿಂಗಿಗೆ ಈ ಜಾಗ ಬೇಕಂತೆ. ಮನೆ ಹೇಗಿದ್ದರೂ ಕೆಡವುವುದೇ ಅಂತೆ. ಸಿಸ್ಟರ್ ಬಾಗಿಲು ತೆರೆದು ಬೆರಳು ತುಟಿಗಿಟ್ಟಳು.

"ಮೆಲ್ಲಗೆ. ಮೇಲೆ ಇಬ್ಬರು ರಾತ್ರಿಯೆಲ್ಲ ನಿಂತು ಕೆಲಸ ಮಾಡಿ ಬಂದು ಮಲಗಿದ್ದಾರೆ."

"ಅಲ್ಲ ಮೇಡಂ, ಒಂದು ಸಲ ಯೋಚನೆ ಮಾಡಿ…"

"ಕೊಳ್ಳೋ ಮುಂಚೆ ಮಾಡಿ ಆಗಿದೆ" ಅಂದಳು, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು.