ಮೇಲಿನ ಒಂದಡಿ ಮಣ್ಣು

ಒಂದು ಚಿಟಿಕೆ ಮಣ್ಣನ್ನು ಎಡ ಅಂಗೈಗೆ ಹಾಕಿಕೊಂಡು, ಬಲಗೈ ಹೆಬ್ಬೆರಳಿನಿಂದ ತಿಕ್ಕಿ ಪುಡಿ ಮಾಡಿ, ಅದರಲ್ಲಿ ಸಾಸಿವೆ ಕಾಳಿನಷ್ಟನ್ನು ನಾಲಿಗೆಯ ತುದಿಗಿಟ್ಟು ಅವರು ಕಣ್ಣು ಮುಚ್ಚುತ್ತಿದ್ದರು. ಎಲೆಯಡಿಕೆ ಹಾಕಿ ಹಾಕಿ ಕೆಂಪಾಗಿದ್ದ ನಾಲಿಗೆ. ಮೂಗಿನ ಎರಡೂ ಕಡೆ ಬೊಟ್ಟು. ಸೀರೆಯ ಮೇಲೆ ಮಗನ ಹಳೆಯ ತುಂಬುತೋಳಿನ ಷರ್ಟು, ಅದರ ಜೇಬಿನ ಕೆಳಗೆ ಪೆನ್ನು ಸೋರಿದ ನೀಲಿ ಕಲೆ. ಹಾಗೆ ನಿಂತವರು ಸ್ವಲ್ಪ ಹೊತ್ತಾದ ಮೇಲೆ ಪಕ್ಕಕ್ಕೆ ತಿರುಗಿ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ತೀರ್ಪು ಹೇಳುತ್ತಿದ್ದರು. ಅಬ್ಬಿಗೆರೆಯ ಆ ಮನೆಗೆ ಬಾಡಿಗೆಗೆ ಬಂದ ಮೊದಲ ವಾರ ನಾನು ಬಾಲ್ಕನಿಯಿಂದ ಇದನ್ನು ನೋಡಿ ಗಾಬರಿಯಾಗಿ ಒಳಗೆ ಹೋಗಿ, ಮನೆ ಓನರಮ್ಮನಿಗೆ ಏನೋ ತೊಂದರೆ ಇದ್ದ ಹಾಗಿದೆ ಎಂದು ಹೆಂಡತಿಗೆ ಹೇಳಿದ್ದೆ.

ನಿಜವಾದ ತೊಂದರೆ ಇದ್ದದ್ದು ನನಗೆ. ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು. ಸಾರಜನಕದ ಚಕ್ರವನ್ನು ಬೋರ್ಡಿನ ಮೇಲೆ ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಬಲ್ಲೆ. ಆದರೆ ನನ್ನ ಕೈಯಲ್ಲಿ ಒಂದು ತುಳಸಿಯೂ ಮಳೆಗಾಲ ದಾಟಿದ್ದಿಲ್ಲ. ಪುಸ್ತಕ ಓದಿ ನೆಟ್ಟ ಗಿಡಗಳೆಲ್ಲ ಪುಸ್ತಕದಲ್ಲಿ ಹೇಳಿದ ರೋಗಗಳನ್ನು ಒಂದೊಂದಾಗಿ ತೋರಿಸಿ ಸಾಯುತ್ತಿದ್ದವು.

ಆ ಮನೆಯಲ್ಲಿ ಮೂರು ಮಹಡಿ, ಎಂಟು ಬಾಡಿಗೆ ಸಂಸಾರ. ನೆಲ ಅಂತಸ್ತಿನಲ್ಲಿ ಓನರಮ್ಮ, ಅವರ ಮಗ, ಸೊಸೆ. ಹಿಂದೆ ಅಲ್ಲೆಲ್ಲ ಅವರ ಮನೆತನದ ರಾಗಿ ಹೊಲ. ಗಂಡ ಬದುಕಿದ್ದಾಗಲೇ ಅದು ಸೈಟುಗಳಾಗಿ ಹೋಗಿ, ಉಳಿದದ್ದರ ಮೇಲೆ ಈ ಮನೆ ಎದ್ದಿತ್ತು. ಪಕ್ಕದ ಸೈಟನ್ನು ಕೊಂಡವರು ಊರಿನ ಇನ್ನೊಂದು ತುದಿಯಲ್ಲಿದ್ದರು; ಕಾಂಪೌಂಡ್ ಕಲ್ಲು ನೆಟ್ಟು ಹೋದವರು ಇತ್ತ ತಲೆ ಹಾಕಿರಲಿಲ್ಲ. ಆ ಖಾಲಿ ಜಾಗದಲ್ಲಿ ಓನರಮ್ಮ ಇಪ್ಪತ್ತು ವರ್ಷದಿಂದ ಅವರೆ, ಬದನೆ, ದಂಟು, ಹೀರೆ, ಬೆಂಡೆ ಎಲ್ಲ ಬೆಳೆಯುತ್ತಿದ್ದರು. ಎಂಟು ಸಂಸಾರದ ತರಕಾರಿ ಸಿಪ್ಪೆ ಬೆಳಗಾದರೆ ಅವರ ಬಾಗಿಲಿಗೆ ಬರಬೇಕು. ಬರದಿದ್ದರೆ ಅವರೇ ಮೇಲೆ ಹತ್ತಿ ಬಂದು, ನಿನ್ನೆ ಅಡುಗೆ ಮಾಡಲಿಲ್ಲವೇ ಎಂದು ವಿಚಾರಿಸುತ್ತಿದ್ದರು.

ಮನೆ ಕೇಳಿಕೊಂಡು ಬಂದವರಿಗೆ ಅವರು ಮೊದಲು ಕೇಳುತ್ತಿದ್ದದ್ದು ಕೆಲಸವನ್ನೂ ಅಲ್ಲ, ಜಾತಿಯನ್ನೂ ಅಲ್ಲ. ನಿಮ್ಮೂರಲ್ಲಿ ಏನು ಬೆಳೆಯುತ್ತಾರೆ ಎಂದು. ಉತ್ತರ ರುಚಿಸಿದರೆ ಮನೆ ಸಿಕ್ಕಿತು ಎಂದೇ ಅರ್ಥ. ರಜೆಗೆ ಊರಿಗೆ ಹೊರಟ ಬಾಡಿಗೆಯವರೆಲ್ಲ ಬರುವಾಗ ಬೀಜ ತರಬೇಕಿತ್ತು. ಅಸ್ಸಾಮಿನಿಂದ ಬಂದಿದ್ದ ಇಬ್ಬರು ನರ್ಸುಗಳು ಹಾಗೆ ಒಮ್ಮೆ ಒಂದು ಪೊಟ್ಟಣದಲ್ಲಿ ಮೆಣಸಿನಕಾಯಿ ಬೀಜ ತಂದರು. ಅವರಿಗೆ ಕನ್ನಡ ಬರದು, ಇವರಿಗೆ ಬೇರೆ ಭಾಷೆ ಬರದು. ಗಿಡ ಬಂತು, ಸುಕ್ಕು ಸುಕ್ಕಾದ ಕೆಂಪು ಕಾಯಿ ಬಿಟ್ಟಿತು. ಓನರಮ್ಮ ಒಂದನ್ನು ಕಿತ್ತಾಗ ನರ್ಸುಗಳು ಎರಡೂ ಕೈ ಆಡಿಸಿ ಬೇಡ ಬೇಡ ಎಂದರು. ಇವರು ಅದನ್ನು ಮರ್ಯಾದೆಯ ಮಾತೆಂದುಕೊಂಡು ಅರ್ಧ ಕಾಯಿ ಕಚ್ಚಿದರು.

ಸೀದಾ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಸೊಸೆ ತಂದ ಮಜ್ಜಿಗೆಯ ಚೊಂಬು ಖಾಲಿಯಾಯಿತು, ಆಮೇಲೆ ಬೆಲ್ಲದ ಅಚ್ಚು ಅರ್ಧವಾಯಿತು. ಒಬ್ಬ ನರ್ಸು ನಾಡಿ ಹಿಡಿದುಕೊಂಡು ಕೂತಿದ್ದಳು. ಅರ್ಧ ಗಂಟೆಯಾದ ಮೇಲೆ ಓನರಮ್ಮ ಮೂಗು ಒರೆಸಿಕೊಂಡು, "ವಸಿ ಕಾರ ಐತೆ" ಎಂದರು. ಮುಂದಿನ ವರ್ಷ ಅದರದ್ದೇ ಒಂದು ಸಾಲು ಹಾಕಿದರು. ಮನೆಗೆ ಬರುವ ಯಾವ ನೆಂಟರ ಚಟ್ನಿಗೆ ಅದನ್ನು ಎಷ್ಟು ಹಾಕಬೇಕು ಎಂಬುದು ಅವರಿಗೆ ಮಾತ್ರ ಗೊತ್ತಿತ್ತು.

ನನ್ನ ಹೊಸ ಗಿಡಗಳ ಹುಚ್ಚು ಮಾತ್ರ ಅವರಿಗೆ ತಮಾಷೆಯಾಗಿತ್ತು. ನಾನು ಸ್ಟ್ರಾಬೆರಿಯ ಬೀಜದ ಪ್ಯಾಕೆಟ್ ತೋರಿಸಿದಾಗ ಮೇಲಿನ ಚಿತ್ರವನ್ನು ನೋಡಲೇ ಇಲ್ಲ. "ಬೀಜ ಸುಳ್ ಯೋಳಲ್ಲ ಮೇಷ್ಟ್ರೇ. ಪಾಕೀಟು ಯೋಳ್ತದೆ" ಎಂದರು. ನನ್ನ ಸ್ಟ್ರಾಬೆರಿ ಮೊಳೆಯಲೇ ಇಲ್ಲ.

ಒಂದು ಬೇಸಗೆಯಲ್ಲಿ ನಾನು ಟೆಂಪೋದಲ್ಲಿ ಮಣ್ಣು ಮಾರುತ್ತ ಬಂದವನಿಂದ ಆರು ಚೀಲ ಕೆಂಪು ಮಣ್ಣು ತೆಗೆದುಕೊಂಡೆ. ಬಾಲ್ಕನಿಯ ಕುಂಡಗಳಿಗೆಲ್ಲ ತುಂಬಿದೆ. ತಿಂಗಳೊಳಗೆ ಟೊಮೆಟೊ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ನಿಂತವು. ಕಬ್ಬಿಣದ ಕೊರತೆ ಎಂದು ನಾನು ತೀರ್ಮಾನಿಸಿ, ಅದಕ್ಕೆ ಬೇಕಾದ ಲವಣವನ್ನು ಅಳೆದು ತೂಗಿ ಹಾಕಿದೆ. ಹಳದಿ ಇನ್ನೂ ಹೆಚ್ಚಾಯಿತು. ಸಿಪ್ಪೆ ವಿಚಾರಿಸಲು ಮೇಲೆ ಬಂದ ಓನರಮ್ಮ ಕುಂಡಗಳನ್ನು ನೋಡಿದರು. ಕೇಳದೆಯೇ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡರು. ಈ ಸಲ ಕಣ್ಣು ಮುಚ್ಚುವಷ್ಟೂ ಹೊತ್ತು ಬೇಕಾಗಲಿಲ್ಲ.

"ಇದು ಮಣ್ಣಲ್ಲ ಕಣ್ ಮೇಷ್ಟ್ರೇ" ಎಂದರು. "ಯಾರ್ದೋ ಮನೆ."

ಗೋಡೆ ಒಡೆದ ಸಿಮೆಂಟು ಇದರಲ್ಲಿ ಬೆರೆತಿದೆ, ಎಲೆಯಡಿಕೆಗೆ ಸುಣ್ಣ ಜಾಸ್ತಿಯಾದಾಗ ನಾಲಿಗೆ ಕಡಿಯುವ ಹಾಗೆಯೇ ಇದೂ ಕಡಿಯುತ್ತಿದೆ ಎಂಬುದು ಅವರ ವಿವರಣೆ. ನನಗೆ ನಗು ಬಂತು. ಮರುದಿನ ಮಣ್ಣನ್ನು ಡಬ್ಬಿಯಲ್ಲಿ ಶಾಲೆಗೆ ಒಯ್ದು, ನೀರಿನಲ್ಲಿ ಕದಡಿ, ಕ್ಷಾರ ಪರೀಕ್ಷಿಸುವ ಕಾಗದ ಅದ್ದಿದೆ. ಕಾಗದ ಕಡು ನೀಲಿಗೆ ತಿರುಗಿತು. ಅನುಮಾನ ತೀರದೆ ಸಂಜೆ ಮಣ್ಣನ್ನು ಜರಡಿ ಹಿಡಿದೆ. ಟೈಲ್ಸಿನ ಚೂರು, ಬಣ್ಣದ ಪದರ ಅಂಟಿದ ಗಾರೆ, ಕೊನೆಗೆ ಒಂದು ಸ್ವಿಚ್ಚಿನ ಗುಂಡಿ ಸಿಕ್ಕಿತು. ನಾನು ಕೆಳಗಿಳಿದು ಹೋಗಿ ಕಾಗದವನ್ನು ಅವರ ಮುಂದೆ ಹಿಡಿದು ಸೋಲೊಪ್ಪಿಕೊಂಡೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕಾಗದಕ್ಕೂ ಗೊತ್ತಾಯಿತಲ್ಲ, ಪರವಾಗಿಲ್ಲ ಎಂದು ಮೆಚ್ಚಿಕೊಂಡರು.

ಅಂದು ಅವರು ನನಗೆ ಒಂದು ಬಾಂಡಲಿ ಮಣ್ಣು ಕೊಟ್ಟರು. ಅದು ಎಂಥ ಗೌರವವೆಂದು ನನಗೆ ಆಗ ತಿಳಿಯಲಿಲ್ಲ. ತರಕಾರಿಯನ್ನು ಅವರು ದಾರಿಯಲ್ಲಿ ಹೋಗುವವರ ಚೀಲಕ್ಕೂ ತುಂಬುತ್ತಿದ್ದರು. ಮಣ್ಣನ್ನು ಮಾತ್ರ ಯಾರಿಗೂ ಕೊಟ್ಟವರಲ್ಲ. ಮೂಲಂಗಿ ಕಿತ್ತರೆ ಬೇರಿಗಂಟಿದ ಮಣ್ಣನ್ನು ಅಲ್ಲೇ ಬಡಿದು ಉದುರಿಸಿಯೇ ಕೊಡುತ್ತಿದ್ದರು.

ಹೀಗಿರುವಾಗ ಪಕ್ಕದ ಸೈಟಿನ ಯಜಮಾನರು ಬಂದರು. ನಿವೃತ್ತರಾಗಿದ್ದರು, ಮನೆ ಕಟ್ಟುವವರಿದ್ದರು. ತಮ್ಮ ಸೈಟಿನಲ್ಲಿ ಅವರೆ ಹೂ ಬಿಟ್ಟಿರುವುದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಓನರಮ್ಮ ಅವರಿಗೆ ಕಾಫಿ ಕೊಟ್ಟು, ಕಾಯಿ ಕಿತ್ತು ಕೊಟ್ಟು, ಪಾಯ ಅಗೆಯುವ ಮುಂಚೆ ಮೇಲಿನ ಒಂದಡಿ ಮಣ್ಣು ತಮಗೆ ಬೇಕು ಎಂದು ಕೇಳಿದರು. ಅಷ್ಟೇ ಸಾಕಾಯಿತು. ವರ್ಷಗಟ್ಟಲೆ ಉತ್ತವರು ಸೈಟನ್ನೇ ತಮ್ಮದೆನ್ನುತ್ತಾರೆ ಎಂದು ಯಜಮಾನರಿಗೆ ಯಾರೋ ಹೇಳಿದ್ದರು. ಈ ಊರಿನಲ್ಲಿ ಸೈಟು ಬಿಟ್ಟು ಬರೀ ಮಣ್ಣು ಕೇಳುವವರು ಇರುತ್ತಾರೆಂದು ಅವರು ಹೇಗೆ ನಂಬಿಯಾರು? ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಓನರಮ್ಮನ ಮಗ ನನ್ನ ಹತ್ತಿರ ಬಂದು, "ಸಾರ್, ನಮ್ಮಮ್ಮಂಗೆ ನೀವಾದ್ರೂ ಹೇಳಿ, ಎರಡು ಲೋಡ್ ಮಣ್ಣು ನಾನೇ ತರಿಸಿಕೊಡ್ತೀನಿ" ಎಂದು ಅಂಗಲಾಚಿದ. ನಾನು ಹೇಳಿ ನೋಡಿದೆ. ಅವರು ನನ್ನನ್ನು ದಿಟ್ಟಿಸಿ, ಇನ್ಯಾರದೋ ಮನೆಯನ್ನು ತರಿಸುತ್ತಾನಂತಾ ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಜೆಸಿಬಿ ಬಂತು. ಓನರಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಅದರ ಮುಂದೆ ಹಾಕಿ, ಎಲೆಯಡಿಕೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಡ್ರೈವರ್ ಯಂತ್ರ ಆರಿಸಿದ. ಸ್ವಲ್ಪ ಹೊತ್ತಿನಲ್ಲಿ ಅವನೂ ಇಳಿದು ಅವರಿಂದ ಎಲೆ ಈಸಿಕೊಂಡು ಕಲ್ಲಿನ ಮೇಲೆ ಕುಳಿತ. ಸೈಟಿನ ಯಜಮಾನರು ಒಬ್ಬ ಲಾಯರನ್ನೂ ಒಬ್ಬ ಪೊಲೀಸಿನವರನ್ನೂ ಕರೆದುಕೊಂಡು ಬಂದರು. ಬೀದಿಯವರೆಲ್ಲ ನೆರೆದರು. ಪೊಲೀಸಿನವರು ಕೈಕಟ್ಟಿ, ಮೆತ್ತಗೆ, ಈ ಸೈಟಿನ ಮೇಲೆ ನಿಮಗೇನಾದರೂ ಹಕ್ಕಿದೆಯೇ ಎಂದು ಕೇಳಿದರು. ಇಲ್ಲ ಎಂದರು ಓನರಮ್ಮ. ಮತ್ತೆ ಏನು ಬೇಕು ಎಂದರೆ, ಮಣ್ಣು.

"ಮಣ್ಣು ಅಂದ್ರೆ ಸೈಟೇ ಅಲ್ವೇನಮ್ಮಾ?"

"ಅಲ್ಲ ಕಣಪ್ಪ. ಸೈಟು ಅಂದ್ರೆ ಅಳ್ತೆ. ಮಣ್ಣು ಬ್ಯಾರೆ."

ಪೊಲೀಸಿನವರು ಲಾಯರ ಮುಖ ನೋಡಿದರು. ಲಾಯರು ಸೈಟಿನ ಯಜಮಾನರ ಮುಖ ನೋಡಿದರು. ಓನರಮ್ಮ ನನ್ನನ್ನು ಕೂಗಿ ಕರೆದರು. ಶಾಲೆಗೆ ಹೊರಟು ನಿಂತಿದ್ದ ನಾನು ಚೀಲ ಹೆಗಲಿಗೆ ಹಾಕಿಕೊಂಡೇ ಹೋದೆ. ನೀವು ಯಾರು, ಅವರ ಕಡೆಯ ಲಾಯರೇ ಎಂದು ಯಜಮಾನರು ಕೇಳಿದರು. ಕೆಮಿಸ್ಟ್ರಿ ಮೇಷ್ಟ್ರು ಎಂದೆ. ಆಮೇಲೆ ಅಲ್ಲಿ ನಿಂತೇ ಪಾಠ ಮಾಡಿದೆ: ಈ ಒಂದಡಿಯಲ್ಲಿ ಇಪ್ಪತ್ತು ವರ್ಷದ ಸಗಣಿ, ಎಲೆ, ಎಂಟು ಮನೆಯ ಸಿಪ್ಪೆ ಕೊಳೆತು ಸೇರಿದೆ; ಪಾಯಕ್ಕೆ ಇದು ಹೇಗೂ ಪ್ರಯೋಜನವಿಲ್ಲ, ಅಗೆದು ಎಲ್ಲಿಗಾದರೂ ಸಾಗಿಸಲೇಬೇಕು; ಅದನ್ನು ನಮ್ಮ ಗೇಟಿನ ಮುಂದೆಯೇ ಸುರಿದುಬಿಡಿ. ಎಲ್ಲರಿಗಿಂತ ಮೊದಲು ಜೆಸಿಬಿ ಡ್ರೈವರ್ ಹೌದೆಂದು ತಲೆಯಾಡಿಸಿದ.

ಕೊನೆಗೆ ಎಲ್ಲವೂ ಸ್ಟಾಂಪ್ ಪೇಪರಿನ ಮೇಲೆ ಬರಬೇಕೆಂದು ಲಾಯರು ಹೇಳಿದರು. ನಾನು ಅಂದು ಶಾಲೆಗೆ ರಜೆ ಹಾಕಿದೆ. ಓನರಮ್ಮನ ಕುರ್ಚಿಯ ಪಕ್ಕದಲ್ಲೇ ಕುಳಿತು ಬರೆದೆ. ಸದರಿ ನಿವೇಶನದ ಮೇಲೆ ತಮಗೆ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲವೆಂದೂ, ಮೇಲ್ಪದರದ ಒಂದಡಿ ಮಣ್ಣನ್ನು ಮಾತ್ರ ಪಡೆಯತಕ್ಕದ್ದೆಂದೂ ಲಾಯರು ಹೇಳುತ್ತ ಹೋದರು. ಓನರಮ್ಮ ನಡುವೆ ತಡೆದು, ಎರೆಹುಳು ಸಮೇತ ಎಂದು ಬರೆಯಲು ಹೇಳಿದರು. ಅದು ಕಾನೂನಿನಲ್ಲಿ ಬರುವುದಿಲ್ಲ ಎಂದರು ಲಾಯರು. ಹಾಗಾದರೆ ಕುರ್ಚಿ ಏಳುವುದಿಲ್ಲ ಎಂದರು ಇವರು. ಎರೆಹುಳು ಸೇರಿತು.

ನಾನು ಪೂರ್ತಿ ಓದಿ ಹೇಳಿದೆ. ಅವರು ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿ, ಕಾಗದವನ್ನು ಕೊಡದೆ ಹಾಗೇ ನೋಡುತ್ತ ಕುಳಿತರು. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು:

"ಒಲ ಮಾರೋ ದಿನಾನೂ ಇಂಗೇ ಕುಂಡ್ರಿಸಿ ಸೈನ್ ಆಕ್ಸಿದ್ರು ಮೇಷ್ಟ್ರೇ. ಮಣ್ಣೂ ಓಯ್ತದೆ ಅಂತ ಯಾರೂ ಯೋಳ್ಲಿಲ್ಲ."

ನಾನು ಪೆನ್ನಿನ ಮುಚ್ಚಳ ಹುಡುಕಿದೆ.

ಮಧ್ಯಾಹ್ನ ಜೆಸಿಬಿ ಅವರ ಉಸ್ತುವಾರಿಯಲ್ಲಿ ಕೆಲಸ ಮಾಡಿತು. ಆ ಯಂತ್ರ ಅಷ್ಟು ನಾಜೂಕಾಗಿ ಮಣ್ಣು ಕೆರೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದಡಿಗಿಂತ ಮೂರು ಬೆರಳು ಹೆಚ್ಚು ಹೋಯಿತೆಂದು ಲಾಯರು ತಕರಾರು ತೆಗೆದಾಗ, ಆ ಮೂರು ಬೆರಳು ತಮಗೂ ಬೇಡವೆಂದು, ಕೆಳಗಿನದು ಬರೀ ಜೇಡಿಯೆಂದು ಓನರಮ್ಮ ಕಾಲಿನಿಂದ ಆಚೆ ತಳ್ಳಿದರು. ಗೇಟಿನ ಮುಂದೆ ಕಪ್ಪು ಗುಡ್ಡ ಎದ್ದಿತು. ಎರಡು ದಿನ ಎಂಟು ಸಂಸಾರದವರೂ ಮೆಟ್ಟಿಲ ಮೇಲೆ ಸಾಲು ನಿಂತು, ಪೇಂಟಿನ ಬಕೆಟ್ಟಿನಲ್ಲಿ ಕೈಯಿಂದ ಕೈಗೆ ಮಣ್ಣನ್ನು ತಾರಸಿಗೆ ದಾಟಿಸಿದೆವು. ನರ್ಸುಗಳು ಡ್ಯೂಟಿ ಬದಲಿಸಿಕೊಂಡು ಬಂದರು. ತಾರಸಿ ಕುಸಿದೀತೆಂದು ಹೆದರಿದ ಮಗ ಇಂಜಿನಿಯರನ್ನು ಕರೆಸಿದ. ಅವರು ಗೋಡೆಯ ಅಂಚಿನಲ್ಲಿ ಒಂದು ಸಾಲು ಮಾತ್ರ ಇಡಬಹುದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋದರು. ಮಿಕ್ಕದ್ದಕ್ಕೆ ಓನರಮ್ಮ ದಾರಿ ಕಂಡುಹಿಡಿದರು: ಪ್ರತಿ ಬಾಲ್ಕನಿಯಲ್ಲೂ ಐದು ಬಕೆಟ್ ಕಡ್ಡಾಯ. ಹೀಗೆ ನಾವೆಲ್ಲ ಇಷ್ಟವಿದ್ದೋ ಇಲ್ಲದೆಯೋ ಬೆಳೆಗಾರರಾದೆವು. ನನ್ನ ಐದು ಬಕೆಟ್ಟಿನಲ್ಲಿ ಬದನೆ ಕಾಯಿ ಬಿಟ್ಟ ದಿನ ನನ್ನ ಹೆಂಡತಿ ಅದನ್ನು ಕೀಳಲು ಬಿಡದೆ ಎರಡು ದಿನ ನೋಡುತ್ತ ಕುಳಿತಳು.

ಸೈಟಿನ ಯಜಮಾನರು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಓನರಮ್ಮ ಎರಡು ಚೀಲ ಮಣ್ಣನ್ನು ಉಡುಗೊರೆಯಾಗಿ ಕಳಿಸಿದರು. ಆಮೇಲೆ ಆ ಯಜಮಾನರು ದಿನಾ ಬೆಳಿಗ್ಗೆ ಕಾಂಪೌಂಡಿನ ಆಚೆ ನಿಂತು, ಕರಿಬೇವಿಗೆ ಹುಳ ಬಿದ್ದಿದೆ, ಏನು ಮಾಡಲಿ ಎಂದು ಕೇಳುವುದು ಶುರುವಾಯಿತು.

ಮೂರು ವರ್ಷ ಹೀಗೆ ನಡೆಯಿತು. ಓನರಮ್ಮ ಮಲಗಿದ್ದು ನಾಲ್ಕೇ ದಿನ. ನೋಡಲು ಹೋದಾಗ ಮಾತು ಕಡಿಮೆಯಾಗಿತ್ತು. ಹೀರೆ ಮೊಳೆತಿದೆಯೇ ಎಂದು ಕೇಳಿದರು. ಮೊಳೆತಿದೆ ಎಂದೆ. ಎರಡೆಲೆಯೋ ನಾಲ್ಕೆಲೆಯೋ ಎಂದರು. ನಾನು ಮೇಲೆ ಹೋಗಿ ನೋಡಿ ಬಂದು ನಾಲ್ಕು ಎಂದೆ. ತೃಪ್ತಿಯಿಂದ ಕಣ್ಣು ಮುಚ್ಚಿಕೊಂಡರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟಿದ್ದರು.

ಕಾರ್ಯಗಳೆಲ್ಲ ಮುಗಿಯುವವರೆಗೆ ಮನೆ ತುಂಬ ನೆಂಟರು. ತಾರಸಿಯ ಗಿಡಗಳನ್ನು ಕೇಳುವವರಿಲ್ಲವಲ್ಲ ಎಂದು ನನಗೆ ಸಂಕಟವಾಗಿ ದಿನಾ ಬೆಳಿಗ್ಗೆ ಒಂದೊಂದು ಬಕೆಟ್ ನೀರು ಹೊತ್ತು ಹಾಕಿ ಬರುತ್ತಿದ್ದೆ. ಆರನೆಯ ದಿನ ಹೋದಾಗ ಗಿಡಗಳೆಲ್ಲ ಜೋಲು ಬಿದ್ದಿದ್ದವು. ಬಿಸಿಲಿಗೆ ಬಾಡಿವೆಯೆಂದು ಇನ್ನೂ ನೀರು ಹಾಕಲು ಬಗ್ಗಿದವನು ಯಾಕೋ ನಿಂತು, ಮಣ್ಣಿನೊಳಕ್ಕೆ ಬೆರಳನ್ನು ಎರಡು ಗೆಣ್ಣಿನ ತನಕ ಇಳಿಸಿದೆ. ಒಳಗೆಲ್ಲ ಕೆಸರು. ಬೇರು ಕೊಳೆಯುವ ವಾಸನೆ. ಅಷ್ಟರಲ್ಲಿ ಮೆಟ್ಟಿಲಲ್ಲಿ ನರ್ಸು ಬಿಂದಿಗೆ ಹಿಡಿದು ಬಂದಳು. ಅವಳ ಹಿಂದೆ ಎರಡನೆಯ ಮಹಡಿಯವರು ಕೊಡಪಾನ ಹಿಡಿದು ಬಂದರು. ಬೇರೆ ಯಾರೂ ಹಾಕುವುದಿಲ್ಲವೆಂದುಕೊಂಡು ಎಂಟು ಮನೆಯವರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ನೀರು ಹೊಯ್ದಿದ್ದೆವು. ಪಕ್ಕದ ಮನೆಯ ಯಜಮಾನರಂತೂ ತಮ್ಮ ತಾರಸಿಯಿಂದಲೇ ಪೈಪು ಹಿಡಿದು ನಿಂತಿದ್ದರು.

ನಾನು ಮೆಟ್ಟಿಲ ಬಾಯಿಗೆ ಅಡ್ಡ ನಿಂತೆ. ಸಾಕು, ಯಾರೂ ಒಂದು ಹನಿಯನ್ನೂ ಹಾಕಕೂಡದು ಎಂದು ಎಲ್ಲರನ್ನೂ ಗದರಿದೆ. ಯಾರೂ ಎದುರಾಡಲಿಲ್ಲ. ಸದ್ದು ಕೇಳಿ ಓನರಮ್ಮನ ಮಗ ಮೇಲೆ ಬಂದ. ತಲೆ ಬೋಳಿಸಿಕೊಂಡಿದ್ದ. ಗಿಡಗಳನ್ನೂ ನಮ್ಮ ಕೊಡ ಬಿಂದಿಗೆಗಳನ್ನೂ ನೋಡಿ ಅವನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಮುಖ ಒರೆಸಿಕೊಂಡು ಕೇಳಿದ:

"ಹಂಗಾದ್ರೆ ಇನ್ಯಾವಾಗ ನೀರು ಹಾಕ್ಬೇಕು ಸಾರ್?"

ಯಾರನ್ನು ಕೇಳುತ್ತಿದ್ದಾನೆಂದು ನಾನು ಸುತ್ತ ನೋಡಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾಳೆ ಬೇಡ" ಎಂದೆ. "ನಾಳಿದ್ದು ಬಂದು ನೋಡಿ ಹೇಳ್ತೀನಿ."